ಇವತ್ತು ರಾತ್ರಿ ಎಷ್ಟು ಮಾತ್ರೆ ಕೊಡಲಿ?

ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಲ್ಯಾಬ್‌ಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಅದರ ಪ್ರತಿ ಪುಟದಲ್ಲೂ ಅಮ್ಮ ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆದಿದ್ದಾಳೆ. ತಾರೀಖು. ಐಎನ್‌ಆರ್. ಮಾತ್ರೆ. ಯಾರು ಹೇಳಿದ್ದು. ಹನ್ನೊಂದು ವರ್ಷದ ಲೆಕ್ಕ ಅದರಲ್ಲಿದೆ. ಮೊದಲ ಮೂರು ಕಾಲಂ ತುಂಬಿವೆ. ನಾಲ್ಕನೆಯದು ಮಾತ್ರ ಅರ್ಧಕ್ಕರ್ಧ ಖಾಲಿ.

ಈ ಪತ್ರ ಬರೆಯುತ್ತಿರುವುದು ಆ ನಾಲ್ಕನೇ ಕಾಲಂಗೋಸ್ಕರ.

ಅಮ್ಮನ ಹೃದಯದಲ್ಲಿ ಲೋಹದ ವಾಲ್ವ್ ಇದೆ. ಮೈಟ್ರಲ್ ಜಾಗದಲ್ಲಿ, ಅಂದರೆ ಎಡಭಾಗದ ಎರಡು ಕೋಣೆಗಳ ನಡುವೆ, ಹಾಕಿದ್ದು. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ಕೇಳಿಸುತ್ತದೆ. ಆ ಸದ್ದು ಕೇಳುತ್ತಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅಮ್ಮ ಪ್ರತಿ ರಾತ್ರಿ ವಾರ್ಫರಿನ್ ಮಾತ್ರೆ ನುಂಗುತ್ತಾಳೆ. ಬದುಕಿರುವವರೆಗೂ ನುಂಗಬೇಕು. ಜನ ಇದನ್ನು ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ. ನಿಜವಾಗಿ ರಕ್ತ ನೀರಾಗುವುದೇನೂ ಇಲ್ಲ. ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೇ. ಎಷ್ಟು ನಿಧಾನವಾಗಿದೆ ಅಂತ ಹೇಳುವ ಲೆಕ್ಕವೇ ಐಎನ್‌ಆರ್. ಮಾತ್ರೆ ತಗೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಹೃದಯದ ಬಡಿತ ತಾಳ ತಪ್ಪಿದವರಿಗೆ ಸಾಮಾನ್ಯವಾಗಿ 2ರಿಂದ 3ರ ಒಳಗೆ ಇರಬೇಕು ಅನ್ನುತ್ತಾರೆ. ಅಮ್ಮನಂಥ ಮೈಟ್ರಲ್ ವಾಲ್ವ್‌ನವರಿಗೆ 2.5ರಿಂದ 3.5. ಅದಕ್ಕಿಂತ ಕೆಳಗೆ ಹೋದರೆ ವಾಲ್ವ್ ಮೇಲೆ ಹೆಪ್ಪು ಕೂರಬಹುದು. ಅದು ಚೂರಾಗಿ ಮಿದುಳಿಗೆ ಹೋದರೆ ಲಕ್ವ. ಮೇಲೆ ಹೋದರೆ ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವ. ಈ ಕಡೆ ಬಾವಿ, ಆ ಕಡೆ ಕೆರೆ. ನಡುವೆ ಒಂದು ಸಣ್ಣ ಬದು. ಅಮ್ಮ ಹನ್ನೊಂದು ವರ್ಷದಿಂದ ಆ ಬದುವಿನ ಮೇಲೆ ನಡೆಯುತ್ತಿದ್ದಾಳೆ. ಅವಳ ಕೈಯಲ್ಲಿರುವ ಊರುಗೋಲು ನಿಮ್ಮ ರಿಪೋರ್ಟ್.

ಮೂರು ವರ್ಷದ ಹಿಂದಿನ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಯಾವ ಆಸ್ಪತ್ರೆ, ಯಾವ ಲ್ಯಾಬ್ ಅಂತ ಹೇಳುವುದಿಲ್ಲ. ಯಾರನ್ನೋ ಕಟಕಟೆಗೆ ನಿಲ್ಲಿಸಬೇಕು ಅನ್ನುವುದು ನನ್ನ ಉದ್ದೇಶ ಅಲ್ಲ.

ಅಮ್ಮನಿಗೆ ಉರಿಮೂತ್ರ ಆಗಿತ್ತು. ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಕೋಟ್ರೈಮೋಕ್ಸಜೋಲ್ ಬರೆದುಕೊಟ್ಟರು. ಐದು ದಿನದ ಕೋರ್ಸ್. ವಾಲ್ವ್ ಇದೆ, ರಕ್ತದ ಮಾತ್ರೆ ನಡೆಯುತ್ತಿದೆ ಅಂತ ನಾವು ಹೇಳಿದ್ದೆವು. ಅವರು ತಲೆಯಾಡಿಸಿದ್ದರು. ಈ ಆ್ಯಂಟಿಬಯಾಟಿಕ್ ವಾರ್ಫರಿನ್ ಜೊತೆ ಸೇರಿದರೆ ಐಎನ್‌ಆರ್ ಜೋರಾಗಿ ಏರುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಲಿವರ್ ವಾರ್ಫರಿನ್ ಅನ್ನು ಕರಗಿಸಿ ಹೊರಗೆ ಕಳಿಸುತ್ತದಲ್ಲ, ಆ ಕೆಲಸಕ್ಕೆ ಇದು ಅಡ್ಡ ಬರುತ್ತದೆ. ಮೆಟ್ರೊನಿಡಜೋಲ್, ಫ್ಲುಕೊನಜೋಲ್, ಅಮಿಯೊಡರೋನ್ ಕೂಡ ಹೀಗೇ ಮಾಡುತ್ತವೆ. ರಿಫಾಂಪಿಸಿನ್, ಕಾರ್ಬಮಜೆಪೈನ್ ಉಲ್ಟಾ, ಐಎನ್‌ಆರ್ ಇಳಿಸುತ್ತವೆ. ಇದೆಲ್ಲ ನಾನು ಆಮೇಲೆ ಕಲಿತಿದ್ದು.

ಐದನೇ ದಿನ ಬೆಳಗ್ಗೆ ತಿಂಗಳ ಟೆಸ್ಟ್ ಇತ್ತು. ಎಂಟೂವರೆಗೆ ರಕ್ತ ಕೊಟ್ಟೆವು. ರಿಪೋರ್ಟ್‌ಗೆ ನಾಳೆ ಬನ್ನಿ ಅಂದರು. ಆ ರಾತ್ರಿ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ಬ್ರಷ್ ಗಟ್ಟಿ ಇರಬೇಕು ಅಂದಳು ಅಮ್ಮ. ಎಂದಿನ ಹಾಗೆ ಒಂಬತ್ತಕ್ಕೆ ಪೂರ್ತಿ ಮಾತ್ರೆ ನುಂಗಿ ಮಲಗಿದಳು. ಬೆಳಗ್ಗೆ ಎದ್ದಾಗ ತೋಳಿನಲ್ಲಿ ಅಂಗೈ ಅಗಲದ ನೇರಳೆ ಕಲೆ. ಎಲ್ಲೂ ತಗುಲಿಸಿಕೊಂಡಿರಲಿಲ್ಲ. ಮೂತ್ರ ಕೆಂಪಾಗಿತ್ತು. ನಾನು ಓಡಿ ಹೋಗಿ ರಿಪೋರ್ಟ್ ತಂದೆ. ಐಎನ್‌ಆರ್ 7.2.

ಆ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ರಿಪೋರ್ಟ್ ತಯಾರಾದ ಹೊತ್ತು ಇತ್ತು. ಹಿಂದಿನ ದಿನ ಮಧ್ಯಾಹ್ನ 12 ಗಂಟೆ 40 ನಿಮಿಷ.

ಅಂದರೆ ಅಮ್ಮ ಮಾತ್ರೆ ನುಂಗುವುದಕ್ಕೆ ಎಂಟು ತಾಸಿಗೂ ಹೆಚ್ಚು ಹೊತ್ತು ಮುಂಚೆಯೇ ಆ ಸಂಖ್ಯೆ ಯಾರದೋ ಕಂಪ್ಯೂಟರಿನಲ್ಲಿ ಕೂತಿತ್ತು. ನಮ್ಮ ಫೋನ್ ನಂಬರ್ ಅದೇ ಕಾಗದದ ಮೇಲಿನ ಸಾಲಿನಲ್ಲಿತ್ತು. ಯಾರೂ ಫೋನ್ ಮಾಡಲಿಲ್ಲ.

ಅಮ್ಮನನ್ನು ಅಡ್ಮಿಟ್ ಮಾಡಿದೆವು. ಮಾತ್ರೆ ನಿಲ್ಲಿಸಿದರು. ಅಳೆದು ಸುರಿದು ಸ್ವಲ್ಪವೇ ವಿಟಮಿನ್ ಕೆ ಕೊಟ್ಟರು. ಜಾಸ್ತಿ ಕೊಟ್ಟರೆ ಐಎನ್‌ಆರ್ ಒಂದೇ ಸಲ ಕುಸಿದು ವಾಲ್ವ್ ಮೇಲೆ ಹೆಪ್ಪುಗಟ್ಟುವ ಭಯ. ನಾಲ್ಕು ದಿನ ಆದ ಮೇಲೆ ಮನೆಗೆ ಬಂದಳು. ನಮ್ಮ ಅದೃಷ್ಟ ದೊಡ್ಡದು. ಅದೃಷ್ಟ ಇಲ್ಲದವರ ಮನೆಯವರೂ ಇದನ್ನು ಓದುತ್ತಿರಬಹುದು. ಅವರನ್ನು ನೆನೆದೇ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ಯಂತ್ರ ಸಂಖ್ಯೆ ಕೊಟ್ಟ ಕೂಡಲೇ ಈ ಟೆಸ್ಟ್ ಮುಗಿಯಿತು ಅಂದುಕೊಳ್ಳಬೇಡಿ. ‘ಇವತ್ತು ರಾತ್ರಿ ಎಷ್ಟು ಮಾತ್ರೆ’ ಅನ್ನುವ ಉತ್ತರ ರೋಗಿಯ ಕಿವಿಗೆ ಬಿದ್ದಾಗ ಅದು ಮುಗಿಯುತ್ತದೆ. ವಾರ್ಫರಿನ್ ಅನ್ನು ಸಂಜೆಯೋ ರಾತ್ರಿಯೋ ತಗೊಳ್ಳಿ ಅಂತ ಹೇಳುವುದರ ಹಿಂದಿನ ಯೋಚನೆಯೇ ಅದು. ಬೆಳಗ್ಗೆ ರಕ್ತ ಕೊಟ್ಟರೆ ರಾತ್ರಿಯ ಹೊತ್ತಿಗೆ ರಿಪೋರ್ಟ್ ನೋಡಿ ಅವತ್ತಿನ ಡೋಸ್ ಬದಲಿಸಬಹುದು ಅಂತ. ನಾಳೆ ಬನ್ನಿ ಅಂದರೆ ಆ ಏರ್ಪಾಡೇ ದಂಡ.

ಇನ್ನು ರಿಪೋರ್ಟಿನ ರೂಪ. ದಯವಿಟ್ಟು ಒಂದು ಸಲ ನಿಮ್ಮದೇ ಲ್ಯಾಬಿನ ಕಾಗದ ಕೈಗೆ ತಗೊಂಡು ನೋಡಿ. ಐಎನ್‌ಆರ್ ಪಕ್ಕದಲ್ಲಿ ಏನು ಪ್ರಿಂಟ್ ಆಗಿದೆ? ‘ನಾರ್ಮಲ್ 0.8 – 1.2’. ಇದು ಮಾತ್ರೆ ತಗೊಳ್ಳದ ಆರೋಗ್ಯವಂತರ ಅಳತೆ. ಅಮ್ಮನ ಐಎನ್‌ಆರ್ 3.0 ಬಂದ ದಿನ, ಅಂದರೆ ಎಲ್ಲವೂ ಸರಿಯಾಗಿದ್ದ ದಿನ, ಅದರ ಪಕ್ಕ ದಪ್ಪ ಅಕ್ಷರದಲ್ಲಿ ‘ಹೈ’ ಅಂತ ಬರುತ್ತದೆ. ಒಮ್ಮೆ ಮನೆಗೆ ಬಂದಿದ್ದ ಸೋದರಮಾವ ಅದನ್ನು ನೋಡಿ ಗಾಬರಿಯಾದರು. ‘ಇಷ್ಟು ಹೈ ಇದೆ, ಎರಡು ದಿನ ಮಾತ್ರೆ ನಿಲ್ಲಿಸಿಬಿಡಕ್ಕಾ’ ಅಂದರು. ಅವರದ್ದು ತಪ್ಪು ಅನ್ನಲಾರೆ. ಕಾಗದ ಹೇಳಿದ್ದನ್ನೇ ಅವರು ಓದಿದರು.

ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ಹಲ್ಲು ಕೀಳಿಸಬೇಕು ಅಂತ ಅಮ್ಮ ಒಮ್ಮೆ ತಾನಾಗಿಯೇ ಐದು ದಿನ ಮಾತ್ರೆ ಬಿಟ್ಟಿದ್ದಳು. (ಒಂದೆರಡು ಹಲ್ಲು ಕೀಳುವುದಕ್ಕೆ, ಐಎನ್‌ಆರ್ ಮಿತಿಯೊಳಗೆ ಇದ್ದರೆ, ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯವೇ ಇಲ್ಲವಂತೆ. ಡಾಕ್ಟರನ್ನು ಕೇಳದೆ ಯಾರೂ ಹೀಗೆ ಬಿಡಬೇಡಿ.) ಆಗ ಐಎನ್‌ಆರ್ 1.1 ಬಂತು. ಲೋಹದ ವಾಲ್ವ್ ಇರುವವರಿಗೆ ಇದು ಬಹಳ ಅಪಾಯದ ಸಂಖ್ಯೆ. ರಿಪೋರ್ಟಿನಲ್ಲಿ ಅದರ ಪಕ್ಕ ಏನೂ ಇರಲಿಲ್ಲ. ದಪ್ಪ ಅಕ್ಷರ ಇಲ್ಲ, ಗುರುತು ಇಲ್ಲ. ನಾರ್ಮಲ್. ಅಮ್ಮ ಖುಷಿಪಟ್ಟಳು. ‘ನೋಡೇ, ಈ ಸಲ ನಾರ್ಮಲ್ ಬಂದಿದೆ’ ಅಂತ ಕಾಗದ ತಂದು ತೋರಿಸಿದಳು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಸರಿ ಇರುವ ದಿನ ಹೆದರಿಸುವ, ಕೈಮೀರುವ ದಿನ ಸಮಾಧಾನ ಹೇಳುವ ಕಾಗದ ಇದು. ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬದಲಿಸಿದರೆ ಸಾಕು, ಅಲ್ವಾ? ಸ್ಯಾಂಪಲ್ ತಗೊಳ್ಳುವಾಗಲೇ ಎರಡು ಪ್ರಶ್ನೆ ಕೇಳಿ: ಯಾವ ಮಾತ್ರೆ, ಯಾತಕ್ಕೆ. ಡಾಕ್ಟರು ಚೀಟಿಯಲ್ಲಿ ಗುರಿ ಎಷ್ಟು ಅಂತ ಬರೆಯಲಿ. ಆ ಗುರಿಯೇ ರಿಪೋರ್ಟಿನಲ್ಲಿ ಪ್ರಿಂಟ್ ಆಗಲಿ. ಹಿಂದಿನ ಮೂರು ನಾಲ್ಕು ಐಎನ್‌ಆರ್ ಕೂಡ ಪಕ್ಕದಲ್ಲೇ ಇರಲಿ. 3.4 ಅನ್ನುವ ಒಂಟಿ ಸಂಖ್ಯೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. 2.6, 2.9, 3.4 ಅಂತ ಏರುತ್ತಾ ಬಂದಿದ್ದರೆ ನಾನೂ ಎಚ್ಚರವಾಗುತ್ತೇನೆ, ಡಾಕ್ಟರೂ ಎಚ್ಚರವಾಗುತ್ತಾರೆ.

ಈಗ ಸ್ವಲ್ಪ ಲ್ಯಾಬಿನ ಒಳಗೆ ಬರುತ್ತೇನೆ. ನಾನು ಟೆಕ್ನಿಶಿಯನ್ ಅಲ್ಲ. ಆದರೆ ಹನ್ನೊಂದು ವರ್ಷ ಆ ಕುರ್ಚಿ ಪಕ್ಕ ನಿಂತು ನೋಡಿದ್ದೇನೆ. ಕೇಳಿ ಕೇಳಿ ಕಲಿತಿದ್ದೇನೆ. ಒಬ್ಬ ಹಿರಿಯ ಟೆಕ್ನಿಶಿಯನ್ ನನಗೆ ನೀಲಿ ಮುಚ್ಚಳದ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ತಳದಲ್ಲಿ ಒಂದಿಷ್ಟು ನೀರಿನಂಥ ದ್ರವ. 3.2 ಪರ್ಸೆಂಟ್ ಸೋಡಿಯಂ ಸಿಟ್ರೇಟ್. ಸಾಮಾನ್ಯ ಟ್ಯೂಬಿನಲ್ಲಿ ಅದು 0.3 ಮಿಲಿಲೀಟರ್ ಇರುತ್ತದೆ. ಅದಕ್ಕೆ 2.7 ಮಿಲಿಲೀಟರ್ ರಕ್ತ ಬೀಳಬೇಕು. ಒಂದು ಪಾಲಿಗೆ ಒಂಬತ್ತು ಪಾಲು. ಟ್ಯೂಬಿನ ಮೇಲೆ ಒಂದು ಗೆರೆ ಇರುತ್ತದೆ. ‘ನೋಡಮ್ಮಾ, ರಕ್ತ ಈ ಗೆರೆ ಮುಟ್ಟಬೇಕು. ಮುಟ್ಟಿಲ್ಲ ಅಂದರೆ ನೀನೇ ಕೇಳು, ನಾಚಿಕೆ ಬೇಡ’ ಅಂದರು.

ಯಾಕೆ ಅಂದರೆ, ಸಿಟ್ರೇಟ್ ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಟೆಸ್ಟ್ ಮಾಡುವಾಗ ಲ್ಯಾಬಿನವರು ಲೆಕ್ಕ ಹಾಕಿ ಕ್ಯಾಲ್ಸಿಯಂ ಮತ್ತೆ ಸೇರಿಸುತ್ತಾರೆ. ಆಗ ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತು ಅಂತ ಅಳೆಯುತ್ತಾರೆ. ಟ್ಯೂಬಿಗೆ ಅರ್ಧವೇ ರಕ್ತ ಬಿದ್ದಿದ್ದರೆ ಸಿಟ್ರೇಟ್ ಜಾಸ್ತಿಯಾಗುತ್ತದೆ. ಸೇರಿಸಿದ ಕ್ಯಾಲ್ಸಿಯಂ ಅನ್ನೂ ಅದು ನುಂಗುತ್ತದೆ. ಹೆಪ್ಪುಗಟ್ಟುವುದು ತಡವಾಗುತ್ತದೆ. ಐಎನ್‌ಆರ್ ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ.

ನಮಗೇ ಆಗಿದೆ ಇದು. ಬೆಳಗ್ಗೆ ಒಂದು ಕಡೆ ಅಮ್ಮನ ನರ ಸಿಗಲಿಲ್ಲ. ಆ ಹುಡುಗಿ ಪಾಪ ಮೂರು ಸಲ ಚುಚ್ಚಿದಳು. ಕೊನೆಗೆ ಸಿಕ್ಕಷ್ಟು ರಕ್ತವನ್ನು ಟ್ಯೂಬಿಗೆ ಹಾಕಿ ಮುಚ್ಚಿದಳು. ಗೆರೆಗಿಂತ ಒಂದು ಬೆರಳು ಕೆಳಗೆ. ನಾನು ನೋಡಿದೆ, ಸುಮ್ನೆ ಇದ್ದೆ. ಅವಳಿಗೂ ಕೈ ನಡುಗುತ್ತಿತ್ತು. ಐಎನ್‌ಆರ್ 4.6 ಬಂತು. ಹಿಂದಿನ ತಿಂಗಳು 2.8 ಇತ್ತು. ಊಟ ಬದಲಾಗಿಲ್ಲ, ಮಾತ್ರೆ ಬದಲಾಗಿಲ್ಲ, ಜ್ವರ ಇಲ್ಲ. ಮನಸ್ಸು ಒಪ್ಪಲಿಲ್ಲ. ಸಂಜೆ ಇನ್ನೊಂದು ಕಡೆ ಮತ್ತೆ ರಕ್ತ ಕೊಟ್ಟೆವು. 2.7 ಬಂತು. ಬೆಳಗಿನ ಸಂಖ್ಯೆ ನಂಬಿ ಮಾತ್ರೆ ನಿಲ್ಲಿಸಿದ್ದರೆ? ಇಲ್ಲದ ರಕ್ತಸ್ರಾವಕ್ಕೆ ಹೆದರಿ ಇರುವ ವಾಲ್ವ್ ಅನ್ನು ಅಪಾಯಕ್ಕೆ ನೂಕಿದ ಹಾಗಾಗುತ್ತಿತ್ತು.

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಗೆರೆ ಮುಟ್ಟದ ಟ್ಯೂಬ್ ಬಂದರೆ ವಾಪಸ್ ಕಳಿಸು, ರೋಗಿಯನ್ನು ಮತ್ತೆ ಕರೆಸು, ನಿನಗೆ ಯಾರೂ ಬೈಯುವುದಿಲ್ಲ ಅಂತ ಅವಳಿಗೆ ಮೇಲಿನವರು ಹೇಳಿರಬೇಕಿತ್ತು. ಹೇಳುವುದು ನಿಮ್ಮ ಕೆಲಸ. ಅವಳಿಗೆ ಕಲಿಸಬೇಕಾದದ್ದು ಇನ್ನೂ ಇದೆ. ಬಟರ್‌ಫ್ಲೈ ಸೂಜಿಯಲ್ಲಿ ರಕ್ತ ತೆಗೆಯುವಾಗ ಪೈಪಿನೊಳಗಿನ ಗಾಳಿ ಮೊದಲ ಟ್ಯೂಬಿಗೆ ಹೋಗುತ್ತದೆ, ಆದ್ದರಿಂದ ಮೊದಲು ಒಂದು ಟ್ಯೂಬ್ ತೆಗೆದು ಎಸೆಯಬೇಕು. ನೇರಳೆ ಮುಚ್ಚಳದ ಟ್ಯೂಬಿಗಿಂತ ಮುಂಚೆ ನೀಲಿಯದ್ದು ತುಂಬಬೇಕು. ತುಂಬಿದ ಮೇಲೆ ಮೂರು ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಗಿಲಕಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಬಾರದು. ಹೆಪಾರಿನ್ (ಹೆಪ್ಪುಗಟ್ಟುವುದನ್ನು ತಡೆಯುವ ಇಂಜೆಕ್ಷನ್) ನಡೆಯುತ್ತಿರುವ ತೋಳಿನ ಡ್ರಿಪ್ ಪೈಪಿನಿಂದ ರಕ್ತ ತೆಗೆಯಬಾರದು. ಇವೆಲ್ಲ ಕಲಿಸುವುದಕ್ಕೆ ಅರ್ಧ ದಿನ ಸಾಕು.

ಟ್ಯೂಬ್ ಸರಿ ಇದ್ದರೂ ಲೆಕ್ಕ ತಪ್ಪಬಹುದು. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನನಗೆ ಬಹಳ ದಿನ ಹಿಡಿಯಿತು. ಪ್ರೋಥ್ರಾಂಬಿನ್ ಟೈಮ್ ಅನ್ನುವ ಈ ಪರೀಕ್ಷೆಯನ್ನು ಆರ್ಮಂಡ್ ಕ್ವಿಕ್ ಅನ್ನುವವರು 1935ರಲ್ಲಿ ಪ್ರಕಟಿಸಿದರು. ರಕ್ತದ ತಿಳಿ ಭಾಗವಾದ ಪ್ಲಾಸ್ಮಾಗೆ ಥ್ರಾಂಬೋಪ್ಲಾಸ್ಟಿನ್ ಅನ್ನುವ ವಸ್ತು ಮತ್ತು ಕ್ಯಾಲ್ಸಿಯಂ ಹಾಕಿ ಎಷ್ಟು ಸೆಕೆಂಡ್ ಅಂತ ನೋಡುವುದು. ಆ ವಸ್ತು ಒಂದೊಂದು ಕಂಪನಿಯದ್ದು ಒಂದೊಂದು ಥರ. ಮೊಲದ ಮಿದುಳಿನಿಂದ ತೆಗೆದದ್ದು, ಲ್ಯಾಬಿನಲ್ಲೇ ತಯಾರಿಸಿದ್ದು, ಹೀಗೆ. ಒಂದೇ ರಕ್ತ, ಒಂದು ಲ್ಯಾಬಿನಲ್ಲಿ ಇಷ್ಟು ಸೆಕೆಂಡ್, ಇನ್ನೊಂದರಲ್ಲಿ ಅಷ್ಟು ಸೆಕೆಂಡ್. ಈ ಗೊಂದಲ ತೀರಿಸುವುದಕ್ಕೆ 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಪದ್ಧತಿ ತಂದಿತು. ಆ ವಸ್ತುವಿನ ಪ್ರತಿ ಬಾಟಲಿಗೂ, ಅದು ಎಷ್ಟು ಸೂಕ್ಷ್ಮ ಅಂತ ತೋರಿಸುವ ಐಎಸ್‌ಐ ಅನ್ನುವ ಒಂದು ಸಂಖ್ಯೆ ಇರುತ್ತದೆ. ರೋಗಿಯ ಸೆಕೆಂಡನ್ನು ಆರೋಗ್ಯವಂತರ ಸರಾಸರಿ ಸೆಕೆಂಡಿನಿಂದ ಭಾಗಿಸಿ, ಬಂದ ಉತ್ತರವನ್ನು ಆ ಐಎಸ್‌ಐ ಘಾತಕ್ಕೆ ಏರಿಸಿದರೆ ಐಎನ್‌ಆರ್.

ಅಮ್ಮನದು 24 ಸೆಕೆಂಡ್, ಆರೋಗ್ಯವಂತರದು 12 ಸೆಕೆಂಡ್ ಅಂತಿಟ್ಟುಕೊಳ್ಳಿ. ಭಾಗಿಸಿದರೆ 2. ಬಾಟಲಿಯ ಐಎಸ್‌ಐ 1.0 ಇದ್ದರೆ ಐಎನ್‌ಆರ್ 2.0. ಐಎಸ್‌ಐ 1.4 ಇದ್ದರೆ ಐಎನ್‌ಆರ್ 2.6. ಹೊಸ ಬಾಟಲಿ ಬಂದಿದೆ, ಅದರ ಐಎಸ್‌ಐ 1.4, ಆದರೆ ಯಂತ್ರದಲ್ಲಿ ಹಳೆಯ 1.0 ಹಾಗೇ ಉಳಿದಿದೆ ಅಂದುಕೊಳ್ಳಿ. ನಿಜವಾಗಿ 2.6 ಇರುವ ಅಮ್ಮನಿಗೆ 2.0 ಅಂತ ರಿಪೋರ್ಟ್ ಬರುತ್ತದೆ. ಡಾಕ್ಟರು ಮಾತ್ರೆ ಏರಿಸುತ್ತಾರೆ. ಏರಿಸಿದ್ದಕ್ಕೆ ಮುಂದಿನ ರಿಪೋರ್ಟೂ ಕಡಿಮೆಯೇ ತೋರಿಸಿದರೆ ಇನ್ನೂ ಏರಿಸುತ್ತಾರೆ. ಇದು ಬರೀ ಕಲ್ಪನೆ ಅಲ್ಲ. 2001ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ತಪ್ಪು ಐಎಸ್‌ಐ ಇಟ್ಟುಕೊಂಡು ವಾರಗಟ್ಟಲೆ ಲೆಕ್ಕ ಹಾಕಿದರು. ನೂರಾರು ರಿಪೋರ್ಟ್ ತಪ್ಪಾದವು. ರೋಗಿಗಳು ಸತ್ತರು. ಒಂದೇ ಒಂದು ಸಂಖ್ಯೆಯಲ್ಲಿ ಆದ ತಪ್ಪು.

ಹಾಗಾಗಿ ಬಾಟಲಿಯ ಲಾಟ್ (ತಯಾರಿಕೆಯ ಕಂತು) ಬದಲಾದ ದಿನ ಐಎಸ್‌ಐ ಬದಲಿಸಿದ್ದಕ್ಕೆ ಇಬ್ಬರು ಸಹಿ ಹಾಕಲಿ. ಕನಿಷ್ಠ ಇಪ್ಪತ್ತು ಆರೋಗ್ಯವಂತರ ರಕ್ತದಿಂದ ನಿಮ್ಮ ಲ್ಯಾಬಿನದೇ ಸರಾಸರಿ ಹೊಸದಾಗಿ ತೆಗೆಯಿರಿ. ಡಬ್ಬಿಯ ಮೇಲಿನ ಸರಾಸರಿಯನ್ನು ಹಾಗೇ ಎತ್ತಿ ಹಾಕಬೇಡಿ. ಐಎಸ್‌ಐ 1ರ ಹತ್ತಿರ ಇರುವ ರೀಏಜೆಂಟ್ (ಆ ಬಾಟಲಿಯ ವಸ್ತು) ತರಿಸಿ. ಅದು 1ಕ್ಕಿಂತ ಮೇಲೆ ಹೋದಷ್ಟೂ ಸಣ್ಣ ತಪ್ಪೂ ಘಾತಕ್ಕೆ ಏರಿ ದೊಡ್ಡದಾಗುತ್ತದೆ. ಯಾವ ರೀಏಜೆಂಟ್ ಕೊಳ್ಳಬೇಕು ಅಂತ ತೀರ್ಮಾನ ಮಾಡುವ ಮೀಟಿಂಗಿನಲ್ಲಿ ಕೂರುವವರು ನೀವು. ಅಲ್ಲಿ ಅಮ್ಮನಂಥವರು ಯಾರೂ ಇರುವುದಿಲ್ಲ.

ಹೊಸದಾಗಿ ಮಾತ್ರೆ ಶುರು ಮಾಡಿದವರ ಬಗ್ಗೆಯೂ ಎರಡು ಮಾತು. ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ, ಲಿವರ್ ತಯಾರಿಸುವ 2, 7, 9, 10ನೇ ಫ್ಯಾಕ್ಟರ್ ಅನ್ನುವ ವಸ್ತುಗಳನ್ನು ವಾರ್ಫರಿನ್ ತಗ್ಗಿಸುತ್ತದೆ. ಅದರಲ್ಲಿ ಏಳನೆಯದು ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತದೆ. ಎರಡನೆಯದು ಇಳಿಯುವುದಕ್ಕೆ ದಿನಗಟ್ಟಲೆ ಬೇಕು. ಅದಕ್ಕೇ ಎರಡು ಮೂರು ದಿನಕ್ಕೆ ಐಎನ್‌ಆರ್ ಏರಿದರೂ ನಿಜವಾದ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಹೆಪ್ಪುಗಟ್ಟಿದವರಿಗೆ ಹೆಪಾರಿನ್, ವಾರ್ಫರಿನ್ ಎರಡನ್ನೂ ಕನಿಷ್ಠ ಐದು ದಿನ ಒಟ್ಟಿಗೆ ನಡೆಸುವುದು ಇದಕ್ಕೇ. ಮೂರನೇ ದಿನ 2.1 ಬಂತು ಅಂತ ಇಂಜೆಕ್ಷನ್ ನಿಲ್ಲಿಸಿ ಮನೆಗೆ ಕಳಿಸಿದರೆ ಆ ಸಂಖ್ಯೆ ಎಲ್ಲರಿಗೂ ಮೋಸ ಮಾಡುತ್ತದೆ. ಹೆಪಾರಿನ್ ಡ್ರಿಪ್‌ಗೆ ಬೇರೆಯೇ ಟೆಸ್ಟ್: ಎಪಿಟಿಟಿ, ಅಥವಾ ಆ್ಯಂಟಿ-ಟೆನ್ಎ. ಜೊತೆಗೆ ಪ್ಲೇಟ್‌ಲೆಟ್ ಕೂಡ ಎಣಿಸಬೇಕು, ಹೆಪಾರಿನ್‌ನಿಂದಲೇ ಅದು ಕುಸಿಯುವವರು ಇದ್ದಾರೆ. ಅದು ಆಸ್ಪತ್ರೆಯೊಳಗಿನ ವಿಷಯ, ಅಲ್ಲಿ ನರ್ಸ್, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ನನ್ನ ಚಿಂತೆ ಮನೆಯಲ್ಲಿ ಒಬ್ಬರೇ ಮಾತ್ರೆ ಹಿಡಿದು ಕೂತವರದ್ದು.

ಈಗ ಹೊಸ ಮಾತ್ರೆಗಳು ಬಂದಿವೆಯಲ್ಲ, ಈ ಟೆಸ್ಟಿನ ಗೋಳೇ ಇಲ್ಲವಲ್ಲ ಅಂತ ಕೆಲವರು ಹೇಳುತ್ತಾರೆ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. ನಿಜ, ಬಹಳ ಜನರಿಗೆ ಅವು ವರವೇ ಆಗಿವೆ. ಪದೇ ಪದೇ ಐಎನ್‌ಆರ್ ಬೇಕಿಲ್ಲ. ಆದರೆ ಲೋಹದ ವಾಲ್ವ್ ಇರುವವರಿಗೆ ಆ ಬಾಗಿಲು ಮುಚ್ಚಿದೆ. ಅಂಥವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ಜಾಸ್ತಿಯಾಯಿತು, ರಕ್ತಸ್ರಾವವೂ ಜಾಸ್ತಿಯಾಯಿತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಅದರ ವರದಿ 2013ರಲ್ಲಿ ಬಂತು. ರುಮ್ಯಾಟಿಕ್ ಹೃದಯ ಕಾಯಿಲೆಯಿಂದ ವಾಲ್ವ್ ಕಿರಿದಾಗಿ ಬಡಿತ ತಪ್ಪಿದವರಿಗೂ ಹಳೆಯ ಮಾತ್ರೆಯೇ ಮೇಲು ಅಂತ 2022ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಆದ್ದರಿಂದ ಐಎನ್‌ಆರ್ ಹಳೇ ಕಾಲದ ಟೆಸ್ಟ್, ಇನ್ನೇನು ಹೋಗುತ್ತದೆ ಅಂತ ಅದಕ್ಕೆ ಕೊಡುವ ಗಮನ ಕಡಿಮೆ ಮಾಡಬೇಡಿ. ಇದನ್ನೇ ನಂಬಿ ಬದುಕಿರುವವರು ಇನ್ನೂ ಬಹಳ ವರ್ಷ ನಿಮ್ಮ ಬಾಗಿಲಿಗೆ ಬರುತ್ತಾರೆ.

ಹೊಸ ಮಾತ್ರೆ ತಗೊಳ್ಳುವವರಿಗೂ ಲ್ಯಾಬ್ ಬೇಕೇ ಬೇಕು. ವರ್ಷಕ್ಕೊಮ್ಮೆಯಾದರೂ ಕಿಡ್ನಿ ಪರೀಕ್ಷೆ, ಹಿಮೋಗ್ಲೋಬಿನ್ ನೋಡಬೇಕು. ಕಿಡ್ನಿ ಸೋತರೆ ಮಾತ್ರೆ ಮೈಯಲ್ಲೇ ಉಳಿಯುತ್ತದೆ. ಇನ್ನೊಂದು ವಿಷಯ, ಅವರ ಐಎನ್‌ಆರ್ ನಾರ್ಮಲ್ ಬಂದರೆ ಮೈಯಲ್ಲಿ ಮಾತ್ರೆ ಇಲ್ಲ ಅಂತ ಅರ್ಥ ಅಲ್ಲ. ಆ ಮಾತ್ರೆಗಳನ್ನು ಅಳೆಯುವ ಸಾಧನ ಅದಲ್ಲ. ಆಪರೇಷನ್‌ಗೆ ಮುಂಚೆ ಆ ನಾರ್ಮಲ್ ನಂಬಿ ಯಾರೂ ಚಾಕು ಎತ್ತಬಾರದು.

ಮತ್ತೆ ಆ ನಾಲ್ಕನೇ ಕಾಲಂಗೆ ಬರುತ್ತೇನೆ.

ಲ್ಯಾಬ್ ಹೇಳುತ್ತದೆ, ರಿಪೋರ್ಟ್ ಕೊಟ್ಟಿದ್ದೇವೆ, ಡಾಕ್ಟರಿಗೆ ತೋರಿಸಿ. ಹೃದಯದ ಡಾಕ್ಟರು ಸಿಗುವುದು ಮುಂದಿನ ವಾರ. ಅವರ ರಿಸೆಪ್ಶನ್‌ನಲ್ಲಿ ಹೇಳುತ್ತಾರೆ, ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ. ಔಷಧಿ ಅಂಗಡಿಯವರು ಹೇಳುತ್ತಾರೆ, ನಾವು ಹೇಳುವ ಹಾಗಿಲ್ಲ. ಎಲ್ಲರೂ ಅವರವರ ಮಟ್ಟಿಗೆ ಸರಿ. ಆದರೆ ರಾತ್ರಿ ಒಂಬತ್ತು ಗಂಟೆ ಯಾರಿಗೂ ಕಾಯುವುದಿಲ್ಲ. ಅಮ್ಮ ಮಾತ್ರೆಯ ಡಬ್ಬಿ ಹಿಡಿದು ನನ್ನ ಮುಖ ನೋಡುತ್ತಾಳೆ. ‘ಒಂದಾ, ಒಂದೂವರೆಯಾ?’ ನಾನು ಡಾಕ್ಟರಲ್ಲ. ಆದರೂ ಎಷ್ಟೋ ರಾತ್ರಿ ನಾನೇ ಹೇಳಿದ್ದೇನೆ. ಆ ದಿನಗಳ ನಾಲ್ಕನೇ ಕಾಲಂ ಅನ್ನು ಅಮ್ಮ ಖಾಲಿ ಬಿಟ್ಟಿದ್ದಾಳೆ. ನನ್ನ ಹೆಸರು ಬರೆಯುವುದಕ್ಕೆ ಅವಳಿಗೆ ಮನಸ್ಸು ಬಂದಿಲ್ಲ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ರಕ್ತದ ಮಾತ್ರೆಯವರಿಗೆ ಅಂತಲೇ ಒಂದು ಮೇಜು, ಅಲ್ಲಿ ತರಬೇತಾದ ಒಬ್ಬ ನರ್ಸ್ ಅಥವಾ ಫಾರ್ಮಸಿಸ್ಟ್, ಡೋಸ್ ಬದಲಿಸುವುದಕ್ಕೆ ಡಾಕ್ಟರು ಒಪ್ಪಿ ಬರೆದುಕೊಟ್ಟ ಒಂದು ಪಟ್ಟಿ, ಒಂದು ಫೋನ್. ಬೇರೆ ಬೇರೆ ದೇಶಗಳಲ್ಲಿ ಇಂಥ ಕ್ಲಿನಿಕ್‌ಗಳು ಎಷ್ಟೋ ದಶಕಗಳಿಂದ ನಡೆಯುತ್ತಿವೆ. ಬೆಳಗ್ಗೆ ರಕ್ತ ತಗೊಳ್ಳಿ, ಸಂಜೆಯೊಳಗೆ ಸಂಖ್ಯೆ ಆ ಮೇಜಿಗೆ ಹೋಗಲಿ, ಅಲ್ಲಿಂದ ನಮಗೆ ಫೋನ್ ಬರಲಿ. ‘ಅಮ್ಮಾ, 3.1 ಇದೆ, ಅದೇ ಮಾತ್ರೆ ಮುಂದುವರಿಸಿ, ನಾಲ್ಕು ವಾರ ಬಿಟ್ಟು ಬನ್ನಿ’. ಇಷ್ಟು ಹೇಳುವುದಕ್ಕೆ ಅರ್ಧ ನಿಮಿಷ. 5 ದಾಟಿದವರಿಗೆ, ವಾಲ್ವ್ ಇದ್ದೂ 2ಕ್ಕಿಂತ ಕೆಳಗೆ ಇಳಿದವರಿಗೆ ಲ್ಯಾಬಿನಿಂದಲೇ ಆ ಕ್ಷಣದಲ್ಲಿ ಫೋನ್ ಹೋಗಲಿ. ಯಾರು ಮಾಡಿದರು, ಯಾರು ಎತ್ತಿದರು, ಎಷ್ಟು ಗಂಟೆಗೆ ಅಂತ ಪುಸ್ತಕದಲ್ಲಿ ಬರೆಯಲಿ. ಫೋನ್ ಎತ್ತಲಿಲ್ಲ ಅಂದರೆ ಮತ್ತೆ ಮಾಡಲಿ.

ಬೆರಳ ತುದಿ ಚುಚ್ಚಿ ಮನೆಯಲ್ಲೇ ಐಎನ್‌ಆರ್ ನೋಡುವ ಸಣ್ಣ ಯಂತ್ರಗಳೂ ಇವೆ. ತರಬೇತಿ ಪಡೆದು ಹಾಗೆ ನೋಡಿಕೊಳ್ಳುವವರಲ್ಲಿ ಹೆಪ್ಪಿನ ತೊಂದರೆ ಕಡಿಮೆ ಅಂತ ಅಧ್ಯಯನಗಳು ಹೇಳುತ್ತವೆ. ಎಲ್ಲರಿಗೂ ಆಗುವುದಿಲ್ಲ. ಸಂಖ್ಯೆ ಬಹಳ ಮೇಲೆ ತೋರಿಸಿದರೆ ಲ್ಯಾಬಿನಲ್ಲಿ ಮತ್ತೆ ನೋಡಲೇಬೇಕು. ಆಗಬಹುದಾದವರಿಗೆ ನೀವೇ ಕಲಿಸಿ, ನಿಮ್ಮ ಯಂತ್ರದ ಜೊತೆ ಆಗಾಗ ತಾಳೆ ನೋಡಿ.

ಇನ್ನೊಂದು ಬೇಡಿಕೆ ನೇರವಾಗಿ ಆಡಳಿತದವರಿಗೆ. ನಿಮ್ಮಲ್ಲಿ ಬರುವ ವಾರ್ಫರಿನ್ ರೋಗಿಗಳು ವರ್ಷದಲ್ಲಿ ಎಷ್ಟು ದಿನ ಗುರಿಯೊಳಗೆ ಇದ್ದರು ಅಂತ ಲೆಕ್ಕ ಹಾಕಬಹುದು. ರೋಸೆಂಡಾಲ್ ಅನ್ನುವವರ ಲೆಕ್ಕ 1993ರಿಂದಲೂ ಇದೆ. ನೂರಕ್ಕೆ 65–70 ದಿನವಾದರೂ ಗುರಿಯೊಳಗೆ ಇರಬೇಕು ಅನ್ನುತ್ತಾರೆ. ಸಂಖ್ಯೆಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇವೆ. ತೆಗೆದು ನೋಡಿ. ಎಷ್ಟು ಬಂತು ಅಂತ ಗೋಡೆಗೆ ಅಂಟಿಸಿ. ಕಡಿಮೆ ಬಂದರೂ ಅಂಟಿಸಿ. ನಾವು ಜಗಳಕ್ಕೆ ಬರುವುದಿಲ್ಲ. ಮುಂದಿನ ವರ್ಷ ಅದು ಏರಿದೆಯಾ ಅಂತ ಕೇಳುತ್ತೇವೆ.

ನಮ್ಮ ಕಡೆಯಿಂದಲೂ ಮಾಡಬೇಕಾದ್ದು ಇದೆ, ಅದನ್ನು ಒಪ್ಪುತ್ತೇನೆ. ಯಾವ ಹೊಸ ಮಾತ್ರೆ ಬಂದರೂ ಮೂರರಿಂದ ಐದು ದಿನದೊಳಗೆ ಐಎನ್‌ಆರ್ ನೋಡಿಸುತ್ತೇವೆ. ಸೊಪ್ಪು ಬಿಡುವುದಿಲ್ಲ, ಆದರೆ ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೇ ಇರುವುದಿಲ್ಲ. ಅದರಲ್ಲಿ ವಿಟಮಿನ್ ಕೆ ಇರುತ್ತದೆ, ಸಮನಾಗಿ ತಿಂದರೆ ಮಾತ್ರೆಯೂ ಸಮನಾಗಿ ಕೆಲಸ ಮಾಡುತ್ತದೆ. ನಮ್ಮ ಮನಸ್ಸಿಗೆ ಬಂದಂತೆ ನೋವಿನ ಮಾತ್ರೆ ನುಂಗುವುದಿಲ್ಲ. ಆದಷ್ಟೂ ಒಂದೇ ಲ್ಯಾಬಿಗೆ ಬರುತ್ತೇವೆ. ನೋಟ್‌ಬುಕ್ ತರುತ್ತೇವೆ. ನೀಲಿ ಟ್ಯೂಬಿನ ಗೆರೆ ನಾವೂ ನೋಡುತ್ತೇವೆ, ಮುಟ್ಟಿಲ್ಲ ಅಂದರೆ ಇನ್ನು ಸುಮ್ನೆ ಇರುವುದಿಲ್ಲ. ಮತ್ತೊಂದು ಸಲ ಚುಚ್ಚಿಸಿಕೊಳ್ಳುವುದಕ್ಕೆ ಅಮ್ಮ ತಯಾರಿದ್ದಾಳೆ. ಅವಳೇ ಹೇಳಿದ್ದು ಇದು, ಬರಿ ಅಂದಳು.

ಅವಳ ಮುಂದಿನ ಟೆಸ್ಟ್ ಇದೇ ತಿಂಗಳ ಕೊನೆಯ ಸೋಮವಾರ. ಬೆಳಗ್ಗೆ ಎಂಟೂವರೆಗೆ ಬರುತ್ತೇವೆ. ಫೋನ್ ನಂಬರ್ ಎಂದಿನ ಹಾಗೆ ಚೀಟಿಯ ಮೇಲಿನ ಸಾಲಿನಲ್ಲೇ ಇರುತ್ತದೆ. ಸಂಜೆ ಏಳರಿಂದ ಒಂಬತ್ತರವರೆಗೆ ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ವಾಲ್ವ್ ಹಾಕಿಸಿಕೊಂಡ ಒಬ್ಬ ತಾಯಿಯ ಮಗಳು